ಅವರು ಏನಂದರು? (ಡೈರೆಕ್ಟ್ ಮಾತನ್ನು ಇನ್‌ಡೈರೆಕ್ಟ್ ಮಾಡುವ ಪಾಠ)



ಈ ಸಲದ ಗೋಡೆ ಪತ್ರಿಕೆಗೆ ಇಂಗ್ಲಿಷ್ ವ್ಯಾಕರಣದ ಒಂದು ಪಾಠ ಬರೆದಿದ್ದೇನೆ. ಡೈರೆಕ್ಟ್ ಸ್ಪೀಚ್, ಇನ್‌ಡೈರೆಕ್ಟ್ ಸ್ಪೀಚ್ ಅಂದ ಕೂಡಲೇ ನಮ್ಮ ತರಗತಿಯಲ್ಲಿ ಬಹಳ ಮಂದಿ ತಲೆ ಕೆಳಗೆ ಹಾಕುತ್ತಾರೆ. ಇದಕ್ಕೆ ಇದು, ಅದಕ್ಕೆ ಅದು ಅಂತ ಪಟ್ಟಿ ಬಾಯಿಪಾಠ ಮಾಡ್ತಾರೆ. ಪರೀಕ್ಷೆಯಲ್ಲಿ ಪಟ್ಟಿ ಮರೆತರೆ ಎಲ್ಲಾ ಮರೀತದ. ಆದರೆ ಇದು ಬಾಯಿಪಾಠ ಮಾಡುವ ವಿಷಯ ಅಲ್ಲ. ನಾವು ದಿನಾ ಮನೆಯಲ್ಲಿ ಮಾಡುವ ಕೆಲಸವೇ ಇದು. "ಕಾಕಾ ಏನಂದ್ರು?" ಅಂತ ಅವ್ವ ಕೇಳಿದರೆ ನಾವು ಕಾಕಾನ ಮಾತು ಅವ್ವನಿಗೆ ಹೇಳ್ತೀವಲ್ಲ, ಅದೇ ಈ ಪಾಠ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಪ್ಪಿಲ್ಲದೆ ಮುಟ್ಟಿಸುವುದು.

ಎರಡು ವಿಧ

ಆಡಿದ ಮಾತನ್ನು ಒಂದಕ್ಷರ ಬದಲು ಮಾಡದೆ ಹಾಗೇ ಬರೆದರೆ ಅದು ಡೈರೆಕ್ಟ್ ಸ್ಪೀಚ್. ಆಗ ಮಾತಿನ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಬೇಕು. ಮಾತಿನ ಅರ್ಥವನ್ನು ಮಾತ್ರ ಉಳಿಸಿ, ಹೇಳುವವರು ತಮ್ಮ ಬಾಯಿಂದ ಹೇಳಿದರೆ ಅದು ಇನ್‌ಡೈರೆಕ್ಟ್ ಸ್ಪೀಚ್. ಆಗ ಚಿಹ್ನೆ ಹೋಗ್ತದೆ, ಅದರ ಬದಲು ಬಹಳ ಸಲ 'ದ್ಯಾಟ್' ಬರ್ತದೆ.

ಡೈರೆಕ್ಟ್: ರವಿ ಸೆಡ್, "ಐ ಆ್ಯಮ್ ಹಂಗ್ರಿ."
ಇನ್‌ಡೈರೆಕ್ಟ್: ರವಿ ಸೆಡ್ ದ್ಯಾಟ್ ಹಿ ವಾಜ್ ಹಂಗ್ರಿ.

ನಮಗೆ ಇದು ಯಾಕೆ ಕಷ್ಟ?

ನಮ್ಮ ಕನ್ನಡದಲ್ಲಿ 'ಅಂತ' ಅನ್ನುವ ಒಂದು ಶಬ್ದ ಇದೆ. ಪುಸ್ತಕದಲ್ಲಿ ಅದನ್ನೇ 'ಎಂದು' ಅಂತ ಬರೀತಾರೆ. ಈ 'ಅಂತ' ಇದ್ದರೆ ನಮಗೆ ಏನೂ ಬದಲು ಮಾಡುವ ಕೆಲಸ ಇಲ್ಲ. "ನಾ ನಾಳೆ ಬರ್ತೀನಿ ಅಂತ ರವಿ ಅಂದ" ಅಂದರೆ ಸಾಕು. ರವಿಯ ಮಾತು ಹಾಗೇ ಇದೆ, ಹಿಂದೆ 'ಅಂತ' ಕಟ್ಟಿದ್ದೇವೆ ಅಷ್ಟೆ. ಇದೇ ರೂಢಿಯಿಂದ ನಾವು ಇಂಗ್ಲಿಷಿನಲ್ಲಿ "ರವಿ ಸೆಡ್ ದ್ಯಾಟ್ ಐ ವಿಲ್ ಕಮ್ ಟುಮಾರೋ" ಅಂತ ಬರೆದುಬಿಡ್ತೀವಿ. ಇದನ್ನು ಇಂಗ್ಲಿಷ್ ಓದುವವರು ಹೇಗೆ ತಿಳಿಯುತ್ತಾರೆ ಗೊತ್ತೇ? ಬರುವವನು ರವಿ ಅಲ್ಲ, ಈ ವಾಕ್ಯ ಬರೆದ ನಾನು! ಯಾಕಂದರೆ ಚಿಹ್ನೆ ತೆಗೆದ ಮೇಲೆ 'ಐ' ಅಂದರೆ ಹೇಳುವವರೇ.

ಹಾಗಂತ ಕನ್ನಡದಲ್ಲಿ ಇನ್‌ಡೈರೆಕ್ಟ್ ಇಲ್ಲವೇ ಇಲ್ಲ ಅಂತಲ್ಲ. ದಿನಪತ್ರಿಕೆ ತೆಗೆದು ನೋಡಿರಿ. "ಕಾಲುವೆಗೆ ನೀರು ಬಿಡುವುದಾಗಿ ಅಧಿಕಾರಿಗಳು ತಿಳಿಸಿದರು" ಅಂತ ಇರ್ತದೆ. ಅಧಿಕಾರಿಗಳು ಬಾಯಿಂದ ಆಡಿದ್ದು "ನೀರು ಬಿಡುತ್ತೇವೆ" ಅಂತ. 'ಬಿಡುತ್ತೇವೆ' ಹೋಗಿ 'ಬಿಡುವುದಾಗಿ' ಆಯಿತು. "ತಾನು ಬರುವುದಾಗಿ ಹೇಳಿದ" ಅನ್ನುವುದೂ ಹಾಗೇ. 'ನಾನು' ಹೋಗಿ 'ತಾನು' ಬಂತು. ಅಂದಮೇಲೆ ಈ ಪಾಠ ನಮಗೆ ಪೂರಾ ಹೊಸದಲ್ಲ.

ಮೂರು ಪ್ರಶ್ನೆ ಕೇಳಿಕೊಳ್ಳಿ

ಪಟ್ಟಿ ಬದಿಗಿಡಿ. ಮಾತು ಮುಟ್ಟಿಸುವ ನೀವು ನಿಂತ ಜಾಗದಿಂದ ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾರು? ಯಾವಾಗ? ಎಲ್ಲಿ?

1. ಯಾರು?
ಮಾತಿನಲ್ಲಿ 'ಐ' ಇದ್ದರೆ ಅದನ್ನು ಆಡಿದವರು ಯಾರು ನೋಡಬೇಕು. 'ಯು' ಇದ್ದರೆ ಕೇಳಿಸಿಕೊಂಡವರು ಯಾರು ನೋಡಬೇಕು.
ಮೈ ಬ್ರದರ್ ಸೆಡ್ ಟು ಮಿ, "ಐ ವಿಲ್ ಹೆಲ್ಪ್ ಯು."
ಮೈ ಬ್ರದರ್ ಟೋಲ್ಡ್ ಮಿ ದ್ಯಾಟ್ ಹಿ ವುಡ್ ಹೆಲ್ಪ್ ಮಿ.
ಇಲ್ಲಿ 'ಐ' ಅಂದವನು ಅಣ್ಣ, ಆದ್ದರಿಂದ 'ಹಿ'. 'ಯು' ಅನ್ನಿಸಿಕೊಂಡವಳು ನಾನು, ಆದ್ದರಿಂದ 'ಮಿ'. 'ಸೆಡ್ ಟು' ಇದ್ದದ್ದು 'ಟೋಲ್ಡ್' ಆಗಿದೆ, ಅದನ್ನೂ ಗಮನಿಸಿರಿ.

2. ಯಾವಾಗ?
ಮಾತು ಆಡಿದ್ದು ಆಗಿಹೋಗಿದೆ. ಆದ್ದರಿಂದ 'ಸೆಡ್' ಅಂತ ಇದ್ದರೆ ಒಳಗಿನ ಕ್ರಿಯಾಪದವೂ ಒಂದು ಹೆಜ್ಜೆ ಹಿಂದಕ್ಕೆ ಹೋಗ್ತದೆ.
ಆ್ಯಮ್, ಇಜ್ ಇದ್ದರೆ ವಾಜ್. ಆರ್ ಇದ್ದರೆ ವರ್.
ವಿಲ್ ಇದ್ದರೆ ವುಡ್. ಕ್ಯಾನ್ ಇದ್ದರೆ ಕುಡ್.
ಹ್ಯಾವ್, ಹ್ಯಾಜ್ ಇದ್ದರೆ ಹ್ಯಾಡ್.
ಗೋ ಇದ್ದರೆ ವೆಂಟ್. ವೆಂಟ್ ಇದ್ದರೆ ಹ್ಯಾಡ್ ಗಾನ್.
ದಿನದ ಶಬ್ದಗಳೂ ಬದಲಾಗ್ತವೆ. ಟುಡೇ ಹೋಗಿ ದ್ಯಾಟ್ ಡೇ. ಟುಮಾರೋ ಹೋಗಿ ದ ನೆಕ್ಸ್ಟ್ ಡೇ. ಯಸ್ಟರ್ಡೇ ಹೋಗಿ ದ ಪ್ರೀವಿಯಸ್ ಡೇ. ನೌ ಹೋಗಿ ದೆನ್.

3. ಎಲ್ಲಿ?
ಶಹಾಪುರದಲ್ಲಿ ಬುದ್ಧ ಮಲಗಿದ ಹಾಗೆ ಕಾಣುವ ಬೆಟ್ಟ ಇದೆಯಲ್ಲ, ಅದರ ಹತ್ತಿರ ನಿಂತು ಒಬ್ಬ ಹುಡುಗ, "ಐ ಲಿವ್ ಹಿಯರ್" ಅಂದ ಅನ್ನಿ. ಅದನ್ನು ನಾನು ಸುರಪುರಕ್ಕೆ ಬಂದು ಹೇಳಿದರೆ 'ಹಿಯರ್' ಅನ್ನಲಾಗದು. ಅಂದರೆ ಅವನು ಸುರಪುರದವನಾಗಿಬಿಡ್ತಾನೆ! ಆಗ "ಹಿ ಸೆಡ್ ದ್ಯಾಟ್ ಹಿ ಲಿವ್ಡ್ ದೇರ್" ಅನ್ನಬೇಕು. ಆದರೆ ಶಹಾಪುರದಲ್ಲೇ ಅದೇ ಜಾಗದಲ್ಲಿ ನಿಂತು ಹೇಳಿದರೆ 'ಹಿಯರ್' ಹಾಗೇ ಇರಬಹುದು. ಅಂದೇ ಹೇಳಿದರೆ 'ಟುಡೇ' ಸಹ ಹಾಗೇ ಇರಬಹುದು. ಅದಕ್ಕೇ ನಾನು ಪಟ್ಟಿಗಿಂತ ಪ್ರಶ್ನೆ ದೊಡ್ಡದು ಅಂದದ್ದು.

ತಪ್ಪಿದರೆ ಏನಾಗ್ತದ?

ಬರೀ ಒಂದು ಮಾರ್ಕು ಹೋಗ್ತದೆ ಅಂತ ತಿಳಿಯಬೇಡಿ. ನಮ್ಮ ಭಾಗದ ಒಂದು ಉದಾಹರಣೆ ಕೊಡ್ತೀನಿ. ಕೃಷ್ಣಾ ನದಿಗೆ ನಾರಾಯಣಪುರದಲ್ಲಿ ಬಸವಸಾಗರ ಅಣೆಕಟ್ಟು ಇದೆ. ಅಲ್ಲಿಂದ ಎಡದಂಡೆ ಕಾಲುವೆಯಲ್ಲಿ ಸುರಪುರ, ಶಹಾಪುರ ಕಡೆಯ ಹೊಲಗಳಿಗೆ ನೀರು ಬರ್ತದೆ. ಸೋಮವಾರ ಒಬ್ಬರು, "ನಾಳೆ ರಾತ್ರಿ ನೀರು ಬರ್ತದ" ಅಂತ ಹೇಳಿದರು ಅನ್ಕೊಳ್ಳೋಣ. ಕೇಳಿದ ಹುಡುಗ ಮಂಗಳವಾರ ಊರಿಗೆ ಬಂದು, "ನಾಳೆ ರಾತ್ರಿ ನೀರು ಬರ್ತದಂತ" ಅಂದ. ಅವನು ಸುಳ್ಳು ಹೇಳಿಲ್ಲ, ಕೇಳಿದ ಶಬ್ದವನ್ನೇ ಹೇಳಿದ. ಆದರೆ ಮಂಗಳವಾರದ 'ನಾಳೆ' ಬುಧವಾರ. ಜನ ಬುಧವಾರ ರಾತ್ರಿ ಸಲಿಕೆ ಹಿಡಿದು ಹೋಗ್ತಾರೆ. ನೀರು ಮಂಗಳವಾರವೇ ಬಂದಿರ್ತದೆ. ಹೊಲ ಒಣಗಿದರೆ ಯಾರನ್ನು ಕೇಳುವುದು? ನಮ್ಮ ಕಡೆ ಬೆಂಗಳೂರಿಗೆ ದುಡಿಯಲು ಹೋದವರ ಮನೆಗಳಲ್ಲೂ ಹೀಗೇ. "ನಾಳೆ ರೊಕ್ಕ ಹಾಕ್ತೀನಿ" ಅಂತ ಫೋನಿನಲ್ಲಿ ಬಂದ ಮಾತು ಮುತ್ಯಾನಿಗೆ ಎರಡು ದಿನ ಬಿಟ್ಟು ಮುಟ್ಟಿದರೆ, ಮುತ್ಯಾ ಬೇರೆ ದಿನ ಬ್ಯಾಂಕಿಗೆ ನಡೀತಾನೆ.

ಇಂಗ್ಲಿಷಿನಲ್ಲಿ ಈ ತಪ್ಪು ಆಗಬಾರದು ಅಂತಲೇ ನಿಯಮ ಇದೆ:
ದ ಮ್ಯಾನ್ ಸೆಡ್, "ದ ವಾಟರ್ ವಿಲ್ ಕಮ್ ಟುಮಾರೋ."
ದ ಮ್ಯಾನ್ ಸೆಡ್ ದ್ಯಾಟ್ ದ ವಾಟರ್ ವುಡ್ ಕಮ್ ದ ನೆಕ್ಸ್ಟ್ ಡೇ.
'ದ ನೆಕ್ಸ್ಟ್ ಡೇ' ಅಂದರೆ ಅವರು ಮಾತಾಡಿದ ದಿನದ ಮರುದಿನ. ನಾವು ಕನ್ನಡದಲ್ಲಿ ಹೇಳುವಾಗಲೂ "ಮಂಗಳವಾರ ರಾತ್ರಿ ಅಂತ ಹೇಳ್ಯಾರ" ಅಂದರೆ ಯಾರಿಗೂ ತೊಂದರೆ ಇಲ್ಲ.

ಕಾಲ ಬದಲಾಗದ ಎರಡು ಕಡೆ

ಒಂದು, 'ಸೇಸ್' ಅಂತ ಇದ್ದಾಗ. ಹೇಳುವುದು ಈಗಲೇ ನಡೆದಿದೆ, ಹಿಂದಕ್ಕೆ ಹೋಗುವ ಕಾರಣ ಇಲ್ಲ.
ಎರಡು, ಯಾವತ್ತೂ ನಿಜವಾಗಿರುವ ಮಾತು ಇದ್ದಾಗ.
ದ ಟೀಚರ್ ಸೆಡ್, "ದ ಭೀಮಾ ಜಾಯಿನ್ಸ್ ದ ಕೃಷ್ಣಾ."
ದ ಟೀಚರ್ ಸೆಡ್ ದ್ಯಾಟ್ ದ ಭೀಮಾ ಜಾಯಿನ್ಸ್ ದ ಕೃಷ್ಣಾ.
ಟೀಚರ್ ಹೇಳಿದ್ದು ನಿನ್ನೆ ಆದರೂ ಭೀಮಾ ನದಿ ಇವತ್ತೂ ಕೃಷ್ಣೆಗೇ ಸೇರ್ತದೆ.

ಪ್ರಶ್ನೆ ಇದ್ದರೆ

'ಸೆಡ್' ಬದಲು 'ಆಸ್ಕ್ಡ್' ಬರಬೇಕು. ಪ್ರಶ್ನೆ ಚಿಹ್ನೆ ಹೋಗಬೇಕು. 'ದ್ಯಾಟ್' ಹಾಕಬಾರದು.
ವೇರ್, ವೆನ್, ವೈ ಇಂಥ ಶಬ್ದ ಇದ್ದರೆ ಅದನ್ನೇ ಇಟ್ಟುಕೊಳ್ಳಬೇಕು. ಡು, ಡಿಡ್ ಬಿಟ್ಟುಬಿಡಬೇಕು.
ಹಿ ಸೆಡ್ ಟು ಮಿ, "ವೇರ್ ಡು ಯು ಲಿವ್?"
ಹಿ ಆಸ್ಕ್ಡ್ ಮಿ ವೇರ್ ಐ ಲಿವ್ಡ್.
ಹೌದು, ಇಲ್ಲ ಅಂತ ಉತ್ತರ ಬರುವ ಪ್ರಶ್ನೆ ಇದ್ದರೆ 'ಇಫ್' ಹಾಕಬೇಕು.
ಶಿ ಸೆಡ್ ಟು ಮಿ, "ಆರ್ ಯು ಫ್ರಮ್ ಶಹಾಪುರ?"
ಶಿ ಆಸ್ಕ್ಡ್ ಮಿ ಇಫ್ ಐ ವಾಜ್ ಫ್ರಮ್ ಶಹಾಪುರ.
ಕನ್ನಡದಲ್ಲಿ "ಬಸ್ ಬಂತೇನು?" ಅನ್ನುವುದನ್ನು "ಬಸ್ ಬಂತೋ ಇಲ್ಲವೋ ಎಂದು ಕೇಳಿದ" ಅಂತೀವಲ್ಲ, ಆ 'ಇಲ್ಲವೋ' ಮಾಡುವ ಕೆಲಸವನ್ನೇ ಈ 'ಇಫ್' ಮಾಡ್ತದೆ.

ಆಜ್ಞೆ, ವಿನಂತಿ ಇದ್ದರೆ

ಇಲ್ಲಿ 'ಟು' ಬರ್ತದೆ. 'ಡೋಂಟ್' ಇದ್ದರೆ 'ನಾಟ್ ಟು' ಬರ್ತದೆ. ಆದರೆ ಮುಖ್ಯವಾದದ್ದು 'ಸೆಡ್' ಬದಲು ಯಾವ ಶಬ್ದ ಹಾಕ್ತೀವಿ ಅನ್ನುವುದು. ಅಪ್ಪಣೆ ಮಾಡಿದರೆ ಆರ್ಡರ್ಡ್. ವಿನಂತಿ ಮಾಡಿದರೆ ರಿಕ್ವೆಸ್ಟೆಡ್. ಬುದ್ಧಿ ಹೇಳಿದರೆ ಅಡ್ವೈಸ್ಡ್. ಸುಮ್ಮನೆ ಹೇಳಿದರೆ ಟೋಲ್ಡ್.
ದ ಓಲ್ಡ್ ಮ್ಯಾನ್ ಸೆಡ್ ಟು ದ ಬಾಯ್, "ಪ್ಲೀಸ್ ಗಿವ್ ಮಿ ಸಮ್ ವಾಟರ್."
ದ ಓಲ್ಡ್ ಮ್ಯಾನ್ ರಿಕ್ವೆಸ್ಟೆಡ್ ದ ಬಾಯ್ ಟು ಗಿವ್ ಹಿಮ್ ಸಮ್ ವಾಟರ್.
'ಪ್ಲೀಸ್' ಶಬ್ದ ಹೋಗಿದೆ. ಆದರೆ ಅದರ ಮರ್ಯಾದೆ 'ರಿಕ್ವೆಸ್ಟೆಡ್' ಒಳಗೆ ಉಳಿದಿದೆ. ಇಲ್ಲಿ 'ಆರ್ಡರ್ಡ್' ಬರೆದರೆ ಪಾಪದ ಮುದುಕ ದಬ್ಬಾಳಿಕೆ ಮಾಡಿದ ಹಾಗಾಗ್ತದೆ. ನಮ್ಮಲ್ಲೂ ಹಾಗೇ ನೋಡಿರಿ. "ಸ್ವಲ್ಪ ಬಂದು ಹೋಗ್ರಿ ಅಂದ್ರು" ಅನ್ನುವುದಕ್ಕೂ, "ಬರಬೇಕಂತ, ತಾಕೀತು ಮಾಡ್ಯಾರ" ಅನ್ನುವುದಕ್ಕೂ ಎಷ್ಟು ಫರಕು! ಬೀಗರ ನಡುವೆ, ಅಣ್ಣತಮ್ಮಂದಿರ ನಡುವೆ ಎಷ್ಟೋ ಜಗಳ ಮಾತಿನಿಂದ ಹತ್ತುವುದಿಲ್ಲ, ಮಾತು ಮುಟ್ಟಿಸಿದ ಧಾಟಿಯಿಂದ ಹತ್ತುತ್ತವೆ. ಆದ್ದರಿಂದ ಮೂರು ಪ್ರಶ್ನೆಯ ಜೊತೆ ನಾಲ್ಕನೆಯದೂ ಸೇರಿಸಿಕೊಳ್ಳಿ. ಹೇಗೆ ಅಂದರು?

ಯಾವಾಗ ಬದಲು ಮಾಡಬಾರದು?

ಕೆಲವು ಮಾತು ಡೈರೆಕ್ಟ್ ಆಗಿಯೇ ಇರಬೇಕು. ದೇವರ ದಾಸಿಮಯ್ಯನವರು ನಮ್ಮ ಸುರಪುರ ಸೀಮೆಯ ಮುದನೂರಿನವರು. ವಚನ ಅಂದರೆ ಆಡಿದ ಮಾತು ಅಂತಲೇ ಅರ್ಥ. ಅವರ ವಚನವನ್ನು "ಅವರು ಹೀಗೆ ಹೇಳಿದರಂತೆ" ಅಂತ ಇನ್‌ಡೈರೆಕ್ಟ್ ಮಾಡಿದರೆ ಅರ್ಥ ಉಳಿದೀತು, ವಚನ ಉಳಿಯದು.

ಇನ್ನೊಂದು ಉದಾಹರಣೆಯೂ ಸುರಪುರದ್ದೇ. ಮೆಡೋಸ್ ಟೇಲರ್ ಎಂಬ ಬ್ರಿಟಿಷ್ ಅಧಿಕಾರಿ 1840ರ ದಶಕದಲ್ಲಿ ಸುರಪುರದಲ್ಲಿ ಇದ್ದರು. ಅವರು ಇದ್ದ ಬಂಗಲೆಗೆ ಟೇಲರ್ ಮಂಜಿಲ್ ಅಂತಾರೆ. ಆಗ ರಾಜಾ ವೆಂಕಟಪ್ಪ ನಾಯಕರು ಇನ್ನೂ ಬಾಲಕರು. ಅವರು ಟೇಲರ್ ಸಾಹೇಬರನ್ನು 'ಅಪ್ಪ' ಅಂತ ಕರೀತಿದ್ದರು. ಮುಂದೆ ಅದೇ ರಾಜರು ಬ್ರಿಟಿಷರ ವಿರುದ್ಧ ದಂಗೆ ಎದ್ದು ಸೆರೆಯಾಗಿ 1858ರಲ್ಲಿ ತೀರಿಕೊಂಡರು. ಟೇಲರ್ ಬರೆದ 'ಸ್ಟೋರಿ ಆಫ್ ಮೈ ಲೈಫ್' ಪುಸ್ತಕ ಅವರು ತೀರಿಕೊಂಡ ಮೇಲೆ 1877ರಲ್ಲಿ ಅಚ್ಚಾಯಿತು. ಇಡೀ ಪುಸ್ತಕ ಇಂಗ್ಲಿಷ್. ಆದರೆ ರಾಜರು ಕರೆದ 'ಅಪ್ಪ' ಅನ್ನುವ ಶಬ್ದ ಅದರಲ್ಲಿ ಕನ್ನಡದ್ದೇ ಉಳಿದಿದೆ. ಟೇಲರ್ ಅದನ್ನು 'ಫಾದರ್' ಅಂತ ಬದಲು ಮಾಡಿ ಮುಗಿಸಲಿಲ್ಲ. ಬದಲು ಮಾಡಿದ್ದರೆ ಅರ್ಥ ಸರಿಯೇ ಇರ್ತಿತ್ತು. ಆದರೆ ಆ ಹುಡುಗನ ದನಿ ನಮಗೆ ಇಷ್ಟು ವರ್ಷದ ಮೇಲೆ ಕೇಳ್ತಿರಲಿಲ್ಲ.

ಅಂದರೆ ದನಿ ಬೇಕಾದಾಗ ಡೈರೆಕ್ಟ್, ಸುದ್ದಿ ಮುಟ್ಟಿಸಬೇಕಾದಾಗ ಇನ್‌ಡೈರೆಕ್ಟ್. ಎರಡರಲ್ಲೂ ನಮ್ಮದನ್ನು ಸೇರಿಸಬಾರದು, ಅವರದನ್ನು ಬಿಡಬಾರದು.

ಮಾಡಿ ನೋಡಿರಿ

1. ರವಿ ಸೆಡ್, "ಐ ಆ್ಯಮ್ ರೀಡಿಂಗ್ ಮೈ ಬುಕ್."
2. ಗೀತಾ ಸೆಡ್ ಟು ಮಿ, "ಡಿಡ್ ಯು ಸೀ ದ ಫೋರ್ಟ್ ಅಟ್ ಯಾದಗಿರಿ?"
3. ಮದರ್ ಸೆಡ್ ಟು ರವಿ, "ಡೋಂಟ್ ಗೋ ನಿಯರ್ ದ ಕೆನಾಲ್."
4. ದ ಬಾಯ್ ಸೇಸ್, "ಐ ಆ್ಯಮ್ ಟೈರ್ಡ್."
5. ಅಂಕಲ್ ಸೆಡ್ ಟು ಫಾದರ್, "ಐ ವಿಲ್ ಪೇ ಯು ಟುಮಾರೋ."

ಉತ್ತರಗಳು (ಮೊದಲು ಕೈಯಿಂದ ಮುಚ್ಚಿಕೊಂಡು ಮಾಡಿರಿ)

1. ರವಿ ಸೆಡ್ ದ್ಯಾಟ್ ಹಿ ವಾಜ್ ರೀಡಿಂಗ್ ಹಿಸ್ ಬುಕ್.
2. ಗೀತಾ ಆಸ್ಕ್ಡ್ ಮಿ ಇಫ್ ಐ ಹ್ಯಾಡ್ ಸೀನ್ ದ ಫೋರ್ಟ್ ಅಟ್ ಯಾದಗಿರಿ.
3. ಮದರ್ ಟೋಲ್ಡ್ ರವಿ ನಾಟ್ ಟು ಗೋ ನಿಯರ್ ದ ಕೆನಾಲ್.
4. ದ ಬಾಯ್ ಸೇಸ್ ದ್ಯಾಟ್ ಹಿ ಇಜ್ ಟೈರ್ಡ್.
5. ಅಂಕಲ್ ಟೋಲ್ಡ್ ಫಾದರ್ ದ್ಯಾಟ್ ಹಿ ವುಡ್ ಪೇ ಹಿಮ್ ದ ನೆಕ್ಸ್ಟ್ ಡೇ.

ಐದಕ್ಕೆ ಐದು ಸರಿ ಬಂದವರು ತಮ್ಮ ಮನೆಯಲ್ಲಿ ಇವತ್ತು ಕೇಳಿದ ಒಂದು ಮಾತನ್ನು ಇಂಗ್ಲಿಷಿನಲ್ಲಿ ಎರಡೂ ವಿಧದಲ್ಲಿ ಬರೆದು ಈ ಹಾಳೆಯ ಕೆಳಗೆ ಅಂಟಿಸಿರಿ. ಕಡಿಮೆ ಬಂದವರು ಮಧ್ಯಾಹ್ನ ಊಟದ ಬಿಡುವಿನಲ್ಲಿ ಬನ್ನಿರಿ, ಕೂಡಿ ಮಾಡೋಣ. ಗುರುಗಳು ಓದಿ ತಿದ್ದಬೇಕಾಗಿ ವಿನಂತಿ.

— ಏಳನೆಯ ತರಗತಿಯ ವಿದ್ಯಾರ್ಥಿನಿ