ಕೂಸಿನ ಮಿದುಳೂ ತಾಯಿಯ ಮಾತೂ

ಟಕಾರವು ಮೂರ್ಧನ್ಯ, ತಕಾರವು ದಂತ್ಯ ಎಂಬದನ್ನು ನಾವೆಲ್ಲರೂ ವ್ಯಾಕರಣದ ಪಾಠದಲ್ಲಿ ಓದಿರುವೆವು. ಆದರೆ ಈ ಭೇದವು ನಮ್ಮ ಕಿವಿಯಲ್ಲಿ ನೆಲೆಗೊಂಡದ್ದು ಪಾಠಶಾಲೆಯಲ್ಲಲ್ಲ, ತಾಯಿಯ ಮಡಿಲಲ್ಲಿ. ಇದು ತಿಳಿದುಬಂದ ಬಗೆಯನ್ನು ವಿಚಾರಿಸೋಣ.

ಹುಟ್ಟಿದ ಕೂಸಿನ ಮಿದುಳಿನ ತೂಕವು ದೊಡ್ಡವರ ಮಿದುಳಿನ ಸುಮಾರು ಕಾಲು ಭಾಗ ಮಾತ್ರ. ಎರಡು ವರುಷಗಳೊಳಗೆ ಅದು ಸುಮಾರು ಮುಕ್ಕಾಲು ಭಾಗಕ್ಕೆ ಏರುವದು. ನರಕಣಗಳಲ್ಲಿ ಹೆಚ್ಚಿನವು ಜನನಕ್ಕೆ ಮುಂಚೆಯೇ ಹುಟ್ಟಿರುತ್ತವೆ. ಆದಕಾರಣ ಬೆಳೆಯತಕ್ಕದ್ದು ಮುಖ್ಯವಾಗಿ ಅವುಗಳ ಕವಲುಗಳೂ ಕಣದಿಂದ ಕಣಕ್ಕಿರುವ ಸಂಧಿಗಳೂ ಆಗಿವೆ. ಮೊದಲು ಈ ಸಂಧಿಗಳು ಬೇಕಾದುದಕ್ಕಿಂತ ಹೆಚ್ಚಾಗಿ ಉಂಟಾಗುವವು. ಬಳಿಕ, ಉಪಯೋಗಿಸಲ್ಪಟ್ಟವು ದೃಢವಾಗಿ, ಉಳಿದವುಗಳಲ್ಲಿ ಅನೇಕವು ಕಳಚಿಹೋಗುವವು.

ಕೆನಡಾ ದೇಶದ ಜಾನೆಟ್ ವರ್ಕರ್ ಎಂಬ ವಿದುಷಿಯೂ ರಿಚರ್ಡ್ ಟೀಸ್ ಎಂಬ ವಿದ್ವಾಂಸರೂ 1984ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದೀ ಭಾಷೆಯ ಟಕಾರ ತಕಾರಗಳನ್ನು ಕೇಳಿಸಲಾಯಿತು. ಒಂದೇ ಧ್ವನಿಯು ಮತ್ತೆ ಮತ್ತೆ ಕೇಳಿ, ಅಕಸ್ಮಾತ್ತಾಗಿ ಬದಲಾಗುವದು. ಆಗ ಕೂಸು ತಲೆ ತಿರುಗಿಸಿದರೆ ಪಕ್ಕದ ಪೆಟ್ಟಿಗೆಯೊಳಗಿನ ಆಟಿಕೆಯು ಬೆಳಗಿ ಕುಣಿಯುವದು. ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಬಹುಮಂದಿ ಭೇದವನ್ನು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳವುಗಳಲ್ಲಿ ಕೆಲವೇ ಗುರುತಿಸಿದವು. ಹಿಂದೀ ಕೇಳುತ್ತ ಬೆಳೆದ ಅದೇ ವಯಸ್ಸಿನ ಕೂಸುಗಳಾದರೋ ಸುಲಭವಾಗಿ ಗುರುತಿಸಿದವು. ಹೀಗೆ, ಕೂಸು ಬಹು ಭಾಷೆಗಳ ಧ್ವನಿಗಳಿಗೆ ಸಿದ್ಧವಾಗಿ ಹುಟ್ಟಿ, ವರುಷ ತುಂಬುವದರೊಳಗೆ ತನ್ನ ಮನೆಯ ಮಾತಿಗೆ ಕಿವಿಯನ್ನು ಹದಗೊಳಿಸಿಕೊಳ್ಳುವದೆಂದು ಗೊತ್ತಾಯಿತು.

ಹಾಗಾದರೆ ಧ್ವನಿ ಕಿವಿಗೆ ಬಿದ್ದರೆ ಸಾಕೇ? ಅಮೇರಿಕದಲ್ಲಿ ಪೆಟ್ರೀಷಿಯಾ ಕೂಲ್ ಎಂಬವರೂ ಅವರ ಜತೆಗಾರರೂ ಒಂಬತ್ತು ತಿಂಗಳ ಕೂಸುಗಳಿಗೆ ಹನ್ನೆರಡು ಸಲ ಚೀನೀ ಭಾಷೆಯನ್ನು ಕೇಳಿಸಿ, 2003ರಲ್ಲಿ ಅದರ ಫಲವನ್ನು ತಿಳಿಸಿದರು. ಎದುರಿಗೆ ಕುಳಿತು ಆಡಿಸಿದವರಿಂದ ಕೇಳಿದ ಕೂಸುಗಳು ಆ ಧ್ವನಿಗಳ ಭೇದವನ್ನು ಕಲಿತವು. ಅದೇ ಮಾತನ್ನು ದೂರದರ್ಶನದ ಪರದೆಯಿಂದ ಕೇಳಿದವು ಕಲಿಯಲಿಲ್ಲ. ಮುಖ ನೋಡಿ ಆಡುವ ಮಾತಿಗೆ ಸಮಾನವಾದದ್ದು ಯಂತ್ರದಿಂದ ದೊರೆಯಲಿಲ್ಲ.

ಸಹೋದರಿಯರೇ, ನಮ್ಮಲ್ಲಿ ಅನೇಕರ ಮನೆಗಳಲ್ಲಿ ಎಳೆಗೂಸುಗಳಿವೆ. ಮಾತು ಬಾರದ ಕೂಸಿನೊಡನೆ ಮಾತಾಡುವದು ವ್ಯರ್ಥವೆಂದು ಯಾರೂ ಭಾವಿಸಬಾರದು. ಮೀಯಿಸುವಾಗಲೂ ಉಣಿಸುವಾಗಲೂ ಅದರ ಮುಖ ನೋಡಿ ಮಾತಾಡೋಣ. ಅದು ಊಂಗುಟ್ಟಿದರೆ ಉತ್ತರ ಕೊಡೋಣ. ಆರು ತಿಂಗಳಾದರೂ ಸದ್ದು ಬಂದ ಕಡೆಗೆ ತಿರುಗದ ಕೂಸನ್ನು, ತಾನಾಗಿ ಸರಿಹೋಗುವದೆಂದು ಕಾಯದೆ, ವೈದ್ಯರಿಗೆ ತೋರಿಸತಕ್ಕದ್ದು. ಕಿವಿ ಕೇಳದ ಕೂಸಿಗೂ ಭಾಷೆ ಬೇಕು. ಕೈಸನ್ನೆಯ ಭಾಷೆಯನ್ನು ಎಳವೆಯಲ್ಲಿ ಕಂಡ ಅಂಥ ಕೂಸುಗಳು ಬೆರಳುಗಳಿಂದಲೇ ತೊದಲುತ್ತವೆ. ದೊಡ್ಡವರಾದ ಮೇಲೆಯೂ ಹೊಸ ಭಾಷೆಯನ್ನು ಕಲಿಯಬಹುದು, ನಿಜ. ಆದರೆ ಆಗ ಬಹು ಶ್ರಮದಿಂದ ಗಳಿಸತಕ್ಕದ್ದನ್ನು ಕೂಸು ಮಡಿಲಲ್ಲಿ ಆಡುತ್ತಲೇ ಪಡೆಯುತ್ತದೆ. ಅದಕ್ಕೆ ಬೇಕಾದದ್ದು ಹಣವಲ್ಲ, ನಮ್ಮ ಸ್ವಲ್ಪ ಹೊತ್ತು.