ಆರೈಕೆ ಮಾಡುವವರೇ ಮಲಗಿದರೆ ಮುಂದೇನು?



ವೈದ್ಯಕೀಯ ನೆರವು ಕೋರಿ ನಮ್ಮ ಸಂಘಕ್ಕೆ ಬರುವ ಅರ್ಜಿಗಳಲ್ಲಿ ರೋಗಿಯ ಹೆಸರು, ವಯಸ್ಸು, ಕಾಯಿಲೆ, ಆಸ್ಪತ್ರೆಯ ಅಂದಾಜು ಖರ್ಚು ಎಲ್ಲವೂ ಇರುತ್ತದೆ. ಆ ರೋಗಿಗೆ ಹೊತ್ತುಹೊತ್ತಿಗೆ ಔಷಧ ಕೊಟ್ಟು, ಬಟ್ಟೆ ಬದಲಿಸಿ, ನಡುರಾತ್ರಿ ಎದ್ದು ಮಗ್ಗುಲು ತಿರುಗಿಸುವವರು ಯಾರು ಎಂದು ಬರೆಯಲು ಅರ್ಜಿಯಲ್ಲಿ ಜಾಗವಿಲ್ಲ. ಅವರು ಹೆಂಡತಿಯೋ, ಸೊಸೆಯೋ, ಮಗಳೋ, ಕೆಲಸ ಬಿಟ್ಟು ಮನೆಯಲ್ಲಿ ಉಳಿದ ಮಗನೋ ಆಗಿರುತ್ತಾರೆ. ಅವರಿಗೆ ಸಂಬಳವಿಲ್ಲ, ರಜೆಯೂ ಇಲ್ಲ. ಈ ಲೇಖನ ಅಂಥವರಿಗಾಗಿ ಮತ್ತು ಅಂಥವರ ಬೆನ್ನಿಗೆ ನಿಲ್ಲಬಲ್ಲ ನಿಮಗಾಗಿ.

ನಾನೂ ಅವರಲ್ಲೊಬ್ಬಳು. ಪಾರ್ಶ್ವವಾಯುವಿನಿಂದ ನನ್ನ ಅತ್ತೆಯವರು ನಾಲ್ಕು ವರ್ಷಗಳಿಂದ ಹಾಸಿಗೆಯಲ್ಲಿದ್ದಾರೆ. ನಮ್ಮದು ಕಾಂದಿವಲಿಯಲ್ಲಿ ಒಂದು ರೂಮ್-ಕಿಚನ್ ಮನೆ. ನಾನು ವೈದ್ಯೆಯಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2021ರ ಏಪ್ರಿಲ್‌ನಲ್ಲಿ ಪರಿಷ್ಕರಿಸಿದ ಮನೆ ಆರೈಕೆಯ ಸೂಚನೆಗಳು, ನಮ್ಮ ಡಾಕ್ಟರು ಹೇಳಿದ ಮಾತುಗಳು, ಮನೆಯಲ್ಲಿ ಮಾಡಿಕೊಂಡ ವ್ಯವಸ್ಥೆ, ಇವಿಷ್ಟನ್ನೂ ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

ಕೋವಿಡ್ ಅಲೆ ಇಳಿದಿದೆಯಲ್ಲ, ಈಗೇಕೆ ಈ ಮಾತು ಎಂದು ಕೇಳಬಹುದು. ಎರಡೂ ಡೋಸ್ ಪಡೆದು 14 ದಿನ ಕಳೆದವರಿಗೆ 2021ರ ಆಗಸ್ಟ್ 15ರಿಂದ ಲೋಕಲ್ ರೈಲು ತೆರೆಯಿತು. ಮನೆಯ ದುಡಿಯುವ ಕೈಗಳು ಮತ್ತೆ ಚರ್ಚ್‌ಗೇಟ್‌ಗೂ ದಾದರಿಗೂ ಹೋಗಿ ಬರುತ್ತಿವೆ. ಮಲಗಿದವರು ಹೊರಗೆ ಹೋಗುವುದಿಲ್ಲ. ಅವರಿಗೆ ಸೋಂಕು ಬರುವುದಾದರೆ ನಮ್ಮ ಮೂಲಕವೇ ಬರಬೇಕು.

ಮೊದಲು ಲಸಿಕೆ

ರೋಗಿಗೆ ಲಸಿಕೆ ಆಯಿತೇ ಎಂದು ಎಲ್ಲರೂ ಕೇಳುತ್ತಾರೆ. ಆರೈಕೆ ಮಾಡುವವರಿಗೆ ಆಯಿತೇ ಎಂದೂ ಕೇಳಬೇಕು. ಮನೆ ಬಿಟ್ಟು ಸಾಲಿನಲ್ಲಿ ನಿಲ್ಲಲು ಆಗದು ಎಂದು ಎರಡನೇ ಡೋಸ್ ಮುಂದೂಡಿದವರಲ್ಲಿ ಈ ಹೆಂಗಸರೂ ಇದ್ದರು. 2021ರಲ್ಲಿ ಕೋವಿಶೀಲ್ಡ್ ಆದರೆ 84 ದಿನ, ಕೊವ್ಯಾಕ್ಸಿನ್ ಆದರೆ 28 ದಿನ ಕಳೆದ ಮೇಲೆ ಎರಡನೆಯದನ್ನು ಹಾಕಿಸಿಕೊಳ್ಳಬೇಕಿತ್ತು. ಲಸಿಕೆಗೆ ಹೋಗುವ ಎರಡು ಗಂಟೆ ರೋಗಿಯ ಬಳಿ ಕುಳಿತುಕೊಳ್ಳಲು ನೆರೆಯವರನ್ನು ಕೇಳಲು ಸಂಕೋಚ ಬೇಡ.

ಹಾಸಿಗೆ ಹಿಡಿದವರಿಗೆ ಮನೆಗೇ ಬಂದು ಲಸಿಕೆ ಕೊಡುವ ಕೆಲಸವನ್ನು ಮುಂಬಯಿ ಮಹಾನಗರ ಪಾಲಿಕೆಯು 2021ರ ಜುಲೈ 30ರಂದು ಅಂಧೇರಿ ಪೂರ್ವದ ಕೆ-ಪೂರ್ವ ವಾರ್ಡಿನಿಂದ ಆರಂಭಿಸಿತ್ತು. ಈ ಬೇಡಿಕೆ ಬಾಂಬೆ ಹೈಕೋರ್ಟಿನವರೆಗೆ ಹೋಗಿ ಬಂದದ್ದು ನಿಮಗೆ ನೆನಪಿರಬಹುದು. ರೋಗಿಯು ಇನ್ನೂ ಆರು ತಿಂಗಳಾದರೂ ಏಳುವ ಸ್ಥಿತಿಯಲ್ಲಿಲ್ಲ ಎಂಬ ಡಾಕ್ಟರ ಪ್ರಮಾಣಪತ್ರ ಆಗ ಬೇಕಾಗಿತ್ತು. ಈಗಿನ ವ್ಯವಸ್ಥೆ ಏನೆಂದು ನಿಮ್ಮ ವಾರ್ಡ್ ಕಚೇರಿಯಲ್ಲಿ ವಿಚಾರಿಸಿ.

ಒಂದೇ ಕೋಣೆಯಲ್ಲಿ

ಪ್ರತ್ಯೇಕ ಕೋಣೆ, ಪ್ರತ್ಯೇಕ ಶೌಚಾಲಯ ಎಂದು ಸೂಚನೆಗಳು ಹೇಳುತ್ತವೆ. ಚಾಳಿನಲ್ಲಿರುವವರಿಗೆ ಅದು ಆಗದ ಮಾತು. ಆದರೆ ಗಾಳಿ ನಮ್ಮ ಕೈಯಲ್ಲಿದೆ. ಕೆಮ್ಮಿದಾಗ ಬರುವ ದೊಡ್ಡ ಹನಿಗಳು ಎರಡು ಮೀಟರಿನೊಳಗೆ ಬೀಳುತ್ತವೆ. ಸೂಕ್ಷ್ಮ ಕಣಗಳು ಗಾಳಿಯಲ್ಲಿ ಹತ್ತು ಮೀಟರಿನವರೆಗೂ ಸಾಗಬಲ್ಲವು ಎಂದು ಕೇಂದ್ರ ಸರಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ 2021ರ ಮೇ ತಿಂಗಳಲ್ಲಿ ಹೇಳಿತು. ಆದ್ದರಿಂದ ಎದುರುಬದುರಿನ ಕಿಟಕಿ, ಬಾಗಿಲು ತೆರೆದಿಡಿ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿಡಿ. ಕಿಟಕಿ ಮುಚ್ಚಿ ಏಸಿ ಹಾಕಬೇಡಿ.

ಹೊರಗಿನಿಂದ ಬಂದವರು ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಮಾಸ್ಕ್ ಹಾಕಿಕೊಂಡೇ ರೋಗಿಯ ಹತ್ತಿರ ಹೋಗಲಿ. ಸೋಪಿನಿಂದ ಕೈ ತೊಳೆಯುವುದೆಂದರೆ ಪೂರ್ತಿ 40 ಸೆಕೆಂಡು. ಮೂರು ಪದರದ ಮಾಸ್ಕನ್ನು ಎಂಟು ಗಂಟೆಗಿಂತ ಹೆಚ್ಚು ಬಳಸಬಾರದು. ಒದ್ದೆಯಾದರೆ ಆಗಲೇ ಬದಲಿಸಬೇಕು. ತಾವಾಗಿ ಮಾಸ್ಕ್ ತೆಗೆಯಲಾರದ ರೋಗಿಗೆ ಮಾಸ್ಕ್ ಕಟ್ಟಬೇಡಿ, ಉಸಿರು ಕಟ್ಟಬಹುದು. ಅಂಥ ಮನೆಯಲ್ಲಿ ಉಳಿದವರ ಮಾಸ್ಕೇ ರೋಗಿಗೆ ರಕ್ಷಣೆ.

ರೋಗಿಗೆ ಸೋಂಕು ತಗಲಿದರೆ

ವಯಸ್ಸಾದವರಿಗೆ ಜ್ವರ ಬರಲೇಬೇಕೆಂದಿಲ್ಲ. ಊಟ ಬೇಡವೆನ್ನುವುದು, ಸದಾ ಮಂಪರು, ಇದ್ದಕ್ಕಿದ್ದಂತೆ ಅಸಂಬದ್ಧ ಮಾತು, ಇವೂ ಲಕ್ಷಣಗಳೇ. ಅರುವತ್ತು ದಾಟಿದವರನ್ನು, ಬಿಪಿ, ಸಕ್ಕರೆ, ಹೃದಯ, ಮೂತ್ರಪಿಂಡದ ಕಾಯಿಲೆ ಇದ್ದವರನ್ನು ಡಾಕ್ಟರು ಪರೀಕ್ಷಿಸಿ ಒಪ್ಪಿದ ಮೇಲೆಯೇ ಮನೆಯಲ್ಲಿ ಇಟ್ಟುಕೊಳ್ಳಬೇಕು. ಡಯಾಲಿಸಿಸ್ ಇದ್ದವರಾದರೆ, ಪಾಸಿಟಿವ್ ಬಂದರೆ ಡಯಾಲಿಸಿಸ್ ಎಲ್ಲಿ ಎಂಬುದನ್ನು ಆರೋಗ್ಯವಾಗಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಆಕ್ಸಿಮೀಟರಿನಲ್ಲಿ ಆಮ್ಲಜನಕ ನೋಡುವಾಗ ಬೆರಳು ಬೆಚ್ಚಗಿರಲಿ, ಉಗುರಿಗೆ ಬಣ್ಣ, ಮೆಹಂದಿ ಇರಬಾರದು. ಐದು ನಿಮಿಷ ಸುಮ್ಮನಿದ್ದ ಮೇಲೆ ಹಾಕಿ, ಅಂಕಿ ನಿಲ್ಲುವವರೆಗೆ ಕಾದು ಬರೆದುಕೊಳ್ಳಿ. ಅದು 94ಕ್ಕಿಂತ ಕೆಳಗಿಳಿದರೆ, ಉಸಿರಾಟ ಕಷ್ಟವಾದರೆ, ಎದೆ ಒತ್ತಿದಂತಾದರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗಾಗಲೆಂದು ಕಾಯಬೇಡಿ. 2021ರಲ್ಲಿ ಮುಂಬಯಿಯಲ್ಲಿ ಹಾಸಿಗೆ ಸಿಗುತ್ತಿದ್ದದ್ದು 24 ವಾರ್ಡುಗಳ ವಾರ್ ರೂಮ್‌ಗಳ ಮೂಲಕ. ಪಾಲಿಕೆಯ ಸಹಾಯವಾಣಿ 1916. ಥಾಣೆ, ಡೊಂಬಿವಲಿ, ಮೀರಾ-ಭಾಯಂದರ್, ವಸಾಯಿ-ವಿರಾರ್, ನವಿ ಮುಂಬಯಿಯವರಿಗೆ ಬೇರೆ ಪಾಲಿಕೆಗಳಿವೆ, ಆ ಸಂಖ್ಯೆಗಳೂ ಬೇರೆ. ಅವನ್ನು ಇಂದೇ ಗೋಡೆಗೆ ಅಂಟಿಸಿ. ಆಂಬುಲೆನ್ಸ್‌ಗೆ 108.

ನೆರೆಯವರಿಗೆ ಬರೆದುಕೊಟ್ಟ ಸ್ಟಿರಾಯ್ಡ್ ಮಾತ್ರೆಯನ್ನು ನಿಮ್ಮವರಿಗೆ ಕೊಡಬೇಡಿ. ಸೌಮ್ಯ ಸೋಂಕಿಗೆ ಅದು ಬೇಕಿಲ್ಲ, ಅದರಿಂದ ಸಕ್ಕರೆ ಏರುತ್ತದೆ. 2021ರ ಬೇಸಿಗೆಯಲ್ಲಿ ಕಪ್ಪು ಶಿಲೀಂಧ್ರ ರೋಗ ಹೆಚ್ಚಾಗಿ ಹಿಡಿದದ್ದು ಸಕ್ಕರೆ ಹತೋಟಿ ತಪ್ಪಿದವರನ್ನು. ದಿನನಿತ್ಯದ ಬಿಪಿ, ಸಕ್ಕರೆಯ ಮಾತ್ರೆಗಳನ್ನು ನಿಲ್ಲಿಸಬೇಡಿ.

ನೋಡಿಕೊಳ್ಳುವವರಿಗೇ ಸೋಂಕು ತಗಲಿದರೆ

ಈ ಲೇಖನದ ಮುಖ್ಯ ಮಾತು ಇದು. 2021ರಲ್ಲಿ ಸಣ್ಣ ಮನೆಯವರಿಗೆ ಪಾಸಿಟಿವ್ ಬಂದರೆ ಪಾಲಿಕೆಯ ಕೋವಿಡ್ ಕೇಂದ್ರಕ್ಕೆ ಹೋಗಬೇಕಾಗುತ್ತಿತ್ತು. ಮನೆಯಲ್ಲೇ ಉಳಿದರೂ ಲಕ್ಷಣ ಕಂಡ ದಿನದಿಂದ ಕನಿಷ್ಠ ಹತ್ತು ದಿನ ಪ್ರತ್ಯೇಕವಾಗಿರಬೇಕಿತ್ತು, ಕೊನೆಯ ಮೂರು ದಿನ ಜ್ವರ ಇರಬಾರದಿತ್ತು. ಆ ಹತ್ತು ದಿನ ಮಲಗಿದವರ ಗತಿಯೇನು? ಬಾಯಿ ಬರುವುದನ್ನು ನಿಲ್ಲಿಸುತ್ತಿದ್ದಳು, ಸೊಸೈಟಿಯವರು ಗೇಟಿನಲ್ಲಿ ತಡೆಯುತ್ತಿದ್ದರು, ಊರಿನಿಂದ ಯಾರನ್ನೂ ಕರೆಸುವಂತಿರಲಿಲ್ಲ. ಆಗ ಹುಡುಕಿದರೆ ಯಾರೂ ಸಿಗುವುದಿಲ್ಲ.

ಆದ್ದರಿಂದ ಎರಡನೆಯವರೊಬ್ಬರನ್ನು ಈಗಲೇ ಗೊತ್ತು ಮಾಡಿ. ಅವರಿಗೆ ಎರಡೂ ಡೋಸ್ ಆಗಿರಬೇಕು, ತೀರಾ ವಯಸ್ಸಾಗಿರಬಾರದು, ಹತ್ತಿರದಲ್ಲೇ ಇರಬೇಕು. ನಮ್ಮ ಮನೆಗೆ ನಾದಿನಿಯವರ ಮಗಳು ಒಪ್ಪಿಕೊಂಡಿದ್ದಾಳೆ. ತಿಂಗಳಿಗೊಂದು ಭಾನುವಾರ ಅವಳು ಬಂದು ಅಜ್ಜಿಗೆ ಗಂಜಿ ತಿನ್ನಿಸುವುದು, ಮಗ್ಗುಲು ಬದಲಿಸುವುದು, ಡಯಾಪರ್ ಕಟ್ಟುವುದು ಎಲ್ಲವನ್ನೂ ತಾನೇ ಮಾಡುತ್ತಾಳೆ. ಅಂದು ನನಗೆ ನಿದ್ದೆ. ಆ ನಿದ್ದೆಯೂ ಆರೈಕೆಯ ಒಂದು ಭಾಗವೆಂದು ನಮ್ಮ ಡಾಕ್ಟರು ಹೇಳುತ್ತಾರೆ.

ಬೇರೆ ಯಾರೂ ಇಲ್ಲವೇ ಇಲ್ಲ, ಸೋಂಕು ಸೌಮ್ಯವಾಗಿದೆ ಎಂದಾದರೆ ಡಾಕ್ಟರಲ್ಲಿ ಕೇಳಿ, ಎನ್-95 ಮಾಸ್ಕ್ ಹಾಕಿ, ಕಿಟಕಿ ತೆರೆದು, ಪ್ರತಿ ಸಲವೂ ಕೈ ತೊಳೆದು, ಅಗತ್ಯದ ಕೆಲಸವನ್ನಷ್ಟೇ ಬೇಗ ಮುಗಿಸಿ ದೂರ ಕುಳಿತುಕೊಳ್ಳಿ.

ಒಂದು ಹಾಳೆಯ ಚೀಟಿ

ಕೋವಿಡ್ ವಾರ್ಡಿನೊಳಗೆ ನಮ್ಮನ್ನು ಬಿಡುತ್ತಿರಲಿಲ್ಲ, ಚೀಟಿಯನ್ನು ಬಿಡುತ್ತಿದ್ದರು. ಒಂದು ಹಾಳೆಯಲ್ಲಿ ರೋಗಿಯ ಹೆಸರು, ವಯಸ್ಸು, ಕಾಯಿಲೆಗಳು, ಮಾತ್ರೆಗಳ ಹೆಸರು ಮತ್ತು ಹೊತ್ತು, ಒಗ್ಗದ ಔಷಧ, ಡಾಕ್ಟರ ಫೋನು, ಊಟದ ಕ್ರಮ, ಕನ್ನಡಕ, ಹಲ್ಲಿನ ಸೆಟ್, ಕಿವಿಯ ಯಂತ್ರ ಇವನ್ನೆಲ್ಲ ಬರೆಯಿರಿ. ಒಂದು ಪ್ರತಿ ಎರಡನೆಯವರ ಬಳಿ, ಒಂದು ಆಸ್ಪತ್ರೆಯ ಚೀಲದಲ್ಲಿ ಇರಲಿ.

ನಮ್ಮವರಿಗೆ ಇನ್ನೊಂದು ತೊಡಕಿದೆ. ನನ್ನ ಅತ್ತೆಯವರಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ನೀರು ಕೇಳಿದರೂ ಸಿಸ್ಟರಿಗೆ ತಿಳಿಯದು. ಅದಕ್ಕಾಗಿ ಚೀಟಿಯ ಹಿಂಬದಿಯಲ್ಲಿ ಅವರಾಡುವ ಹತ್ತು ಮಾತುಗಳನ್ನೂ ಮರಾಠಿ ಅರ್ಥವನ್ನೂ ಬರೆದಿದ್ದೇನೆ: ‘ನೀರು’ ಎಂದರೆ ‘ಪಾಣೀ’, ‘ನೋವು’ ಎಂದರೆ ‘ದುಖತಂಯ್’. ಮರಾಠಿಯನ್ನು ದೇವನಾಗರಿಯಲ್ಲಿ ಬರೆಯಲು ಶಾಲೆಗೆ ಹೋಗುವ ಮಕ್ಕಳೇ ಸಾಕು.

ನಿಮ್ಮಿಂದ ಆಗಬಹುದಾದದ್ದು

ದಾನಿಗಳ ಹಣ ಆಸ್ಪತ್ರೆಯ ಬಿಲ್ಲಿಗೆ ಹೋಗುವುದು ಸರಿಯೇ. ಅದರ ಒಂದು ಪಾಲು ಮನೆಯ ಆರೈಕೆಗೂ ಸಲ್ಲಲಿ ಎಂಬುದು ನನ್ನ ವಿನಂತಿ. ಆಕ್ಸಿಮೀಟರ್, ಗ್ಲೌಸ್, ಡಯಾಪರ್, ಎನ್-95 ಮಾಸ್ಕ್, ಆರೈಕೆ ಮಾಡುವವರು ಮಲಗಿದಾಗ ಹತ್ತು ದಿನಕ್ಕೆ ನೇಮಿಸುವ ದಾದಿಯ ಕೂಲಿ, ಇವು ದೊಡ್ಡ ಮೊತ್ತದವಲ್ಲ. ಆದರೆ ಸಕಾಲಕ್ಕೆ ಸಿಗದಿದ್ದರೆ ಒಂದು ಮನೆಯ ಇಬ್ಬರೂ ಆಸ್ಪತ್ರೆ ಸೇರಬೇಕಾಗುತ್ತದೆ.

ಹಣ ಕೊಡಲಾಗದವರು ಸಮಯ ಕೊಡಬಹುದು. ನಿಮ್ಮ ಕಟ್ಟಡದಲ್ಲಿ, ಚಾಳಿನಲ್ಲಿ ಹಾಸಿಗೆ ಹಿಡಿದವರೊಬ್ಬರಿದ್ದರೆ ಅವರ ಮನೆಯವರನ್ನು ಕೇಳಿ: ನೀವು ಮಲಗಿದರೆ ಯಾರು ನೋಡಿಕೊಳ್ಳುತ್ತಾರೆ? ಉತ್ತರ ಬರದಿದ್ದರೆ ಆ ಎರಡನೆಯವರು ನೀವಾಗಿ. ಇಲ್ಲವೇ ಆ ಮನೆಯ ವಿವರವನ್ನು ಸಂಘಕ್ಕೆ ತಿಳಿಸಿ. ಮುಂದಿನ ಅರ್ಜಿ ನಮೂನೆಯಲ್ಲಿ ಆರೈಕೆ ಮಾಡುವವರ ಹೆಸರಿಗೂ ಅವರ ಬದಲಿಗೆ ಬರುವವರ ಹೆಸರಿಗೂ ಎರಡು ಸಾಲು ಸೇರಿಸಬೇಕೆಂದು ಸಮಿತಿಯನ್ನು ಕೇಳಿಕೊಳ್ಳುತ್ತೇನೆ.