ನೀರಿನ ಬಾಟಲಿಯಲ್ಲಿ ಎಣ್ಣೆ

ಪ್ರಶ್ನೆ: ನಮ್ಮದು ಮಸ್ಕಿ ಹತ್ತಿರದ ಹಳ್ಳಿ. ಭತ್ತಕ್ಕೆ ಹೊಡೆಯುವ ಎಣ್ಣೆ ತುಂಬಿಟ್ಟಿದ್ದ ಬಾಟಲಿಯನ್ನು ಮೂರು ವರ್ಷದ ಮಗ ಮೊನ್ನೆ ಬಾಯಿಗೆ ಹಚ್ಚುವುದರಲ್ಲಿದ್ದ. ಹೊಲಕ್ಕೆ ಕರೆದೊಯ್ಯಲೂ ಅಂಜಿಕೆಯಾಗಿದೆ.

ಉತ್ತರ: ನೋಡಿ ತಾಯಿ, ಮಗನನ್ನು ಬೈಯಬೇಡಿ. ಸಿಂಧನೂರು ಸೀಮೆಯ ಬದುಗಳ ಮೇಲೆ ನಾನೂ ಕಂಡಿದ್ದೇನೆ: ದೊಡ್ಡ ಡಬ್ಬಿಯ ಎಣ್ಣೆ ಇಬ್ಬರು ಹಂಚಿಕೊಂಡು, ಸೋಡಾ ಬಾಟಲಿಗೆ ಸುರಿದು, ಬುತ್ತಿ ಗಂಟಿನ ಪಕ್ಕ ಇಟ್ಟಿರುತ್ತಾರೆ. ಬಾಯಾರಿದ ಕೂಸಿಗೆ ಅದು ನೀರೇ. ಎಣ್ಣೆ ಅದರದೇ ಡಬ್ಬಿಯಲ್ಲಿ, ಬೀಗದ ಪೆಟ್ಟಿಗೆಯಲ್ಲಿರಲಿ. ಗೂಟಕ್ಕೆ ನೇತುಹಾಕಿದರೆ ಸಾಲದು, ಮಕ್ಕಳು ಹತ್ತುತ್ತಾರೆ. ಅಕಸ್ಮಾತ್ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ವಿಷ ಪುಪ್ಪುಸಕ್ಕೆ ಇಳಿದೀತು. ಮೈಗೆ ಚೆಲ್ಲಿದ್ದರೆ ಬಟ್ಟೆ ಕಳಚಿ ಸೋಪಿನಿಂದ ತೊಳೆಯಿರಿ. 108ಕ್ಕೆ ಕರೆ ಮಾಡಿ, ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಎಣ್ಣೆಯ ಹೆಸರು ತಿಳಿದರೆ ಡಾಕ್ಟರು ತಡಕಾಡಬೇಕಿಲ್ಲ.

ಹೊಲದಲ್ಲಿ ಇನ್ನೆರಡು ಕಡೆ ಕಣ್ಣಿಡಿ. ತುಂಗಭದ್ರಾ ಎಡದಂಡೆ ಕಾಲುವೆಯಿರಲಿ, ಲಿಂಗಸುಗೂರು ಕಡೆಯ ನಾರಾಯಣಪುರ ಬಲದಂಡೆಯಿರಲಿ, ಸಿಮೆಂಟಿನ ಇಳಿಜಾರಿಗೆ ಪಾಚಿ ಕಟ್ಟಿದರೆ ಈಜು ಬಲ್ಲವನಿಗೂ ಕಾಲು ನಿಲ್ಲದು. ಬಟ್ಟೆ ಒಗೆಯುವಾಗ ಕೂಸನ್ನು ದಂಡೆಯ ಮೇಲೆ ಕೂರಿಸಬೇಡಿ.

ಎರಡನೆಯದು, ನೀರು ಬೀಳದ ಬೋರು. 2007ರಲ್ಲಿ ನಮ್ಮದೇ ಜಿಲ್ಲೆಯ ನೀರಮಾನ್ವಿಯಲ್ಲಿ ಬೋರಿಗೆ ಬಿದ್ದ ಬಾಲಕ ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಕೂಸನ್ನು ಸುಮಾರು 20 ತಾಸಿನ ಮೇಲೆ ಜೀವಂತ ಎತ್ತಿದರು. ಅಂಥ ಅದೃಷ್ಟ ಅಪರೂಪ. ಕೈಬಿಟ್ಟ ಬೋರನ್ನು ನೆಲಮಟ್ಟದವರೆಗೆ ತುಂಬಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಬಾಯಿಗೆ ಗೋಣಿಚೀಲ, ಕಲ್ಲು ಇಟ್ಟು ಬರುವುದು ಮುಚ್ಚಿದಂತಲ್ಲ. ನಾಳೆ ಹೊಲಕ್ಕೆ ಹೋದಾಗ ಪಕ್ಕದವರ ಬೋರನ್ನೂ ಒಮ್ಮೆ ನೋಡಿ ಬನ್ನಿ.